ಅಜ್ಜಿಯೂ ಕೂರಬಹುದಾದ ಕತ್ತಲ ಗಾಡಿ

ಹೋದ ತಿಂಗಳು ಇದೇ ಪುಟದಲ್ಲಿ ಊರಿಂದ ಅಪ್ಪ ಅಮ್ಮನನ್ನು ವಿಸಿಟ್ ವೀಸಾದಲ್ಲಿ ಕರೆಸಿಕೊಳ್ಳುವ ಬಗ್ಗೆ ಬರೆದಿದ್ದೆವು. ಓದಿದವರಲ್ಲಿ ಹಲವರು ಆಮೇಲೆ ನಮ್ಮನ್ನು ಕೇಳಿದ್ದು ವೀಸಾದ ಪ್ರಶ್ನೆ ಅಲ್ಲ. "ಕರೆಸಿಕೊಂಡ ಮೇಲೆ ಎಲ್ಲಿಗೆ ಕರ್ಕೊಂಡು ಹೋಗೋದು?" ಅಂತ. ಬುರ್ಜ್ ಖಲೀಫಾ ಆಯ್ತು, ಕ್ರೀಕಿನಲ್ಲಿ ಅಬ್ರಾ ದೋಣಿ ಆಯ್ತು, ಮಾಲ್ ಆಯ್ತು. ಮಕ್ಕಳು ಮಾತ್ರ ಥೀಮ್ ಪಾರ್ಕ್ ಅಂತ ಹಠ ಹಿಡಿದು ಕೂತಿರುತ್ತಾರೆ. ಅಜ್ಜಿಗೆ ಮಂಡಿ ನೋವು, ಅಜ್ಜನಿಗೆ ಬಿ.ಪಿ. ಗಂಟೆಗೆ 240 ಕಿ.ಮೀ. ಓಡುವ ಫೆರಾರಿ ವರ್ಲ್ಡಿನ ರೋಲರ್ ಕೋಸ್ಟರಿನಲ್ಲಿ ಅವರನ್ನು ಕೂರಿಸೋದಕ್ಕಾಗುತ್ತಾ? ಕೊನೆಗೆ ಆಗೋದು ಏನಪ್ಪಾ ಅಂದ್ರೆ, ಹಿರಿಯರು ಬ್ಯಾಗು ಕಾಯ್ತಾ ಬೆಂಚಿನ ಮೇಲೆ, ಮಕ್ಕಳು ಸಾಲಿನಲ್ಲಿ. ಟಿಕೆಟ್ಟು ಮಾತ್ರ ಎಲ್ಲರಿಗೂ ತೆಗೆದಿರುತ್ತೆ.

ಅದಕ್ಕೇ ಈ ತಿಂಗಳು ಥೀಮ್ ಪಾರ್ಕಿನೊಳಗಿನ ಒಂದು ಹಳೆಯ ಜಾತಿಯ ಆಟದ ಬಗ್ಗೆ ಬರೆಯೋಣ ಅಂದುಕೊಂಡೆವು. ಇಂಗ್ಲಿಷಿನಲ್ಲಿ ಅದಕ್ಕೆ ಡಾರ್ಕ್ ರೈಡ್ ಅನ್ನುತ್ತಾರೆ. ಒಂದು ಗಾಡಿಯಲ್ಲೋ ದೋಣಿಯಲ್ಲೋ ಕೂರಬೇಕು. ಅದು ಕತ್ತಲ ಕಟ್ಟಡದೊಳಗೆ ಕರೆದೊಯ್ಯುತ್ತೆ. ಒಂದೊಂದು ತಿರುವಿನಲ್ಲಿ ಒಂದೊಂದು ದೃಶ್ಯ: ದೆವ್ವ, ಕಡಲ್ಗಳ್ಳರು, ಕಾಡು, ಆಕಾಶ. ನಾವು ನಡೆಯೋದಿಲ್ಲ, ಕತೆ ನಮ್ಮ ಮುಂದೆ ಬರುತ್ತೆ. ಜಾತ್ರೆಯಲ್ಲಿ ಭೂತ ಬಂಗಲೆಯೊಳಗೆ ನಡೆದು ಬಂದವರಿಗೆ ಇದರ ರುಚಿ ಅರ್ಧ ಗೊತ್ತೇ ಇದೆ. ಅಲ್ಲಿ ಕಾಲು ನಮ್ಮದು, ಇಲ್ಲಿ ಗಾಡಿ ಅವರದು. ಅಷ್ಟೇ ವ್ಯತ್ಯಾಸ.

ಈ ಆಟಕ್ಕೆ ಸುಮಾರು 125 ವರ್ಷದ ಚರಿತ್ರೆ ಇದೆ. ಅದನ್ನು ಯಂತ್ರದ ಚರಿತ್ರೆ ಅಂತ ಹೇಳುವವರು ಜಾಸ್ತಿ. ನಾವು ಇಲ್ಲಿ ಬೇರೆ ಪ್ರಶ್ನೆ ಇಟ್ಟುಕೊಂಡು ನೋಡ್ತೀವಿ: ಆ ಗಾಡಿಯಲ್ಲಿ ಯಾರು ಯಾರು ಕೂರಬಹುದಿತ್ತು? ಈಗ ಯಾರು ಕೂರಬಹುದು?

ಶುರುವಾಗಿದ್ದು ಅಮೆರಿಕದಲ್ಲಿ. 1901ರಲ್ಲಿ ಬಫಲೋ ಊರಿನಲ್ಲಿ ಪ್ಯಾನ್-ಅಮೆರಿಕನ್ ವಸ್ತುಪ್ರದರ್ಶನ ನಡೀತು. ಅಲ್ಲಿ ಫ್ರೆಡರಿಕ್ ಥಾಂಪ್ಸನ್ ಅನ್ನುವವರು 'ಎ ಟ್ರಿಪ್ ಟು ದಿ ಮೂನ್' ಅನ್ನುವ ಆಟ ಕಟ್ಟಿದರು. ರೆಕ್ಕೆ ಬಡಿಯುವ 'ಲೂನಾ' ಎಂಬ ಹಡಗಿನಲ್ಲಿ ಒಂದು ಸಲಕ್ಕೆ 30 ಜನ. ಹಡಗು ಇದ್ದಲ್ಲೇ ಅಲುಗಾಡುತ್ತಿತ್ತು. ಸುತ್ತ ಬಣ್ಣದ ಪರದೆ, ಬೆಳಕು, ಗಾಳಿ ಸೇರಿ ಭೂಮಿ ಬಿಟ್ಟು ಚಂದ್ರನಿಗೆ ಹೋದ ಹಾಗೆ ಅನ್ನಿಸುತ್ತಿತ್ತು. ಚಂದ್ರಲೋಕದಲ್ಲಿ ವೇಷ ಹಾಕಿದ ನಟರು ಬಂದವರಿಗೆ ಚೀಸ್ ಕೊಡ್ತಿದ್ರು. ಮನುಷ್ಯ ನಿಜವಾಗಿ ಚಂದ್ರನ ಮೇಲೆ ಕಾಲಿಡೋದಕ್ಕೆ 68 ವರ್ಷ ಮೊದಲೇ ಇದು! ಟಿಕೆಟ್ಟು 50 ಸೆಂಟ್, ಅಲ್ಲಿನ ಬೇರೆ ಆಟಗಳ ಎರಡರಷ್ಟು. ಎರಡು ವರ್ಷದ ನಂತರ ಈ ಆಟ ನ್ಯೂಯಾರ್ಕಿನ ಕೋನಿ ಐಲ್ಯಾಂಡಿನಲ್ಲಿ ತೆರೆದ ಲೂನಾ ಪಾರ್ಕಿಗೆ ಹೋಯ್ತು.

ಅದೇ 1901ರಲ್ಲಿ ಪಿಟ್ಸ್‌ಬರ್ಗ್ ಹತ್ತಿರದ ಕೆನ್ನಿವುಡ್ ಪಾರ್ಕಿನಲ್ಲಿ 'ಓಲ್ಡ್ ಮಿಲ್' ಶುರುವಾಯ್ತು. ಕಾಲುವೆ, ಅದರಲ್ಲಿ ಮೆಲ್ಲಗೆ ತೇಲುವ ದೋಣಿ, ಮೇಲೆ ಕತ್ತಲ ಸುರಂಗ. ಇಂಥವಕ್ಕೇ ಜನ 'ಪ್ರೇಮದ ಸುರಂಗ' ಅಂತಲೂ ಕರೆದರು. ಹುಡುಗ ಹುಡುಗಿ ನಾಲ್ಕು ಜನರ ಎದುರು ಪಕ್ಕಪಕ್ಕ ಕೂರೋದು ಕಷ್ಟವಿದ್ದ ಕಾಲ ನೋಡಿ, ಯಾಕೆ ಅಂತ ನಾವು ಬಿಡಿಸಿ ಹೇಳಬೇಕಿಲ್ಲ. ಕೆನ್ನಿವುಡ್‌ನ ಆ ಕಾಲುವೆ ಇವತ್ತಿಗೂ ಇದೆ.

ಆದರೆ ನೀರಿನ ಕಾಲುವೆ ಕಟ್ಟೋದು ದುಬಾರಿ ಕೆಲಸ. ಸಣ್ಣ ಪಾರ್ಕಿನವರಿಗೆ ಎಲ್ಲಿಂದ ಬರಬೇಕು ಅಷ್ಟು ದುಡ್ಡು? ನ್ಯೂಜೆರ್ಸಿಯ ಲಿಯಾನ್ ಕ್ಯಾಸಿಡಿ ಇದೇ ತಾಪತ್ರಯದಲ್ಲಿದ್ದವರು. ನೀರೇ ಬೇಡ ಅಂತ ಅವರು ನೆಲದ ಮೇಲೆ ಒಂದೇ ಒಂದು ಹಳಿ ಹಾಕಿ, ಅದರ ಮೇಲೆ ಕರೆಂಟಿನಿಂದ ಓಡುವ ಪುಟ್ಟ ಗಾಡಿ ಬಿಟ್ಟರು. ಚಿಕ್ಕ ಜಾಗದಲ್ಲೇ ಹಳಿಯನ್ನು ಹಾವಿನ ಹಾಗೆ ಸುತ್ತಿಸಿದರು. ಕತ್ತಲಲ್ಲಿ ಮುಂದಿನ ತಿರುವು ಎತ್ತ ಅಂತ ಕೂತವರಿಗೆ ಗೊತ್ತಾಗೋದಿಲ್ಲ. ಸವಾರಿ ಮುಗಿಸಿ ಬಂದ ಒಬ್ಬರು "ಪ್ರೆಟ್ಜೆಲ್ ತರ ತಿರುಚಿ ಹಾಕಿಬಿಟ್ರು" ಅಂದರಂತೆ. ಪ್ರೆಟ್ಜೆಲ್ ಅಂದ್ರೆ ನಮ್ಮ ಕೋಡುಬಳೆಗೆ ಗಂಟು ಹಾಕಿದಂಥ ಒಂದು ತಿಂಡಿ. ಆ ಹೆಸರೇ ಕಂಪನಿಗೂ ಬಂತು. 1920ರ ದಶಕದ ಕೊನೆಯಿಂದ ಪ್ರೆಟ್ಜೆಲ್ ಗಾಡಿಗಳು ಅಮೆರಿಕದ ಸಣ್ಣಪುಟ್ಟ ಪಾರ್ಕುಗಳಿಗೆಲ್ಲ ಹಬ್ಬಿದವು.

ಒಳಗಿನ ಕರಾಮತ್ತು ಬಹಳ ಸರಳ. ಗಾಡಿ ಹೋಗುವಾಗ ಹಳಿ ಪಕ್ಕದ ಒಂದು ಸನ್ನೆಯನ್ನು ಒತ್ತುತ್ತೆ, ದೀಪ ಹತ್ತಿ ಅಸ್ಥಿಪಂಜರ ಕಾಣುತ್ತೆ. ಮುಂದೆ ಇನ್ನೊಂದು ಸನ್ನೆ, ತಗಡು ಢಣಾರ್ ಅನ್ನುತ್ತೆ. ಸೂರಿನಿಂದ ಇಳಿಬಿಟ್ಟ ದಾರ ಮುಖಕ್ಕೆ ತಾಗಿದರೆ ಜೇಡರ ಬಲೆ! ಬಡಗಿ, ಪೇಂಟರ್, ಎಲೆಕ್ಟ್ರಿಷಿಯನ್ ಮೂವರಿದ್ದರೆ ಒಂದು ಲೋಕವೇ ಸಿದ್ಧ. 1930ರಲ್ಲಿ ಇದು ಇಂಗ್ಲೆಂಡಿನ ಬ್ಲ್ಯಾಕ್‌ಪೂಲಿಗೆ ಬಂದಾಗ, ಅಲ್ಲಿಯವರಿಗೆ ಪ್ರೆಟ್ಜೆಲ್ ಅಂದ್ರೆ ಏನು ಅಂತಲೇ ಗೊತ್ತಿರಲಿಲ್ಲ. ಆಗ ಜನಪ್ರಿಯವಾಗಿದ್ದ ಒಂದು ನಾಟಕದ ಹೆಸರನ್ನೇ ತೆಗೆದುಕೊಂಡು 'ಘೋಸ್ಟ್ ಟ್ರೇನ್' ಅಂತ ಇಟ್ಟರು. ಆ ಹೆಸರು ಬ್ರಿಟನ್, ಆಸ್ಟ್ರೇಲಿಯಾ ಕಡೆಯೆಲ್ಲ ನಿಂತುಹೋಯ್ತು. ಇವು ಕಾರ್ಖಾನೆ ಕೆಲಸದವರು, ಅಂಗಡಿ ಹುಡುಗರು, ರಜೆಗೆ ಬಂದ ಸಂಸಾರಗಳು ಚಿಲ್ಲರೆ ಕಾಸಿಗೆ ಹತ್ತುತ್ತಿದ್ದ ಗಾಡಿಗಳು. ಹೆದರಿಕೆ ಇತ್ತು, ಆದರೆ ಮೈಗೆ ಪೆಟ್ಟಿರಲಿಲ್ಲ. ಕೂರೋದಕ್ಕೆ ಬಂದರೆ ಸಾಕು, ಹತ್ತಬಹುದಿತ್ತು.

ಮುಂದಿನ ದೊಡ್ಡ ಹೆಜ್ಜೆ 1955ರಲ್ಲಿ, ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದಾಗ. ವಾಲ್ಟ್ ಡಿಸ್ನಿಯವರು ಹಳಿ, ಗಾಡಿ, ಕತ್ತಲು ಎಲ್ಲವನ್ನೂ ಹಾಗೇ ಇಟ್ಟುಕೊಂಡು, ದೆವ್ವದ ಜಾಗದಲ್ಲಿ ಕತೆ ತಂದರು. ಕಣ್ಣಿಗೆ ಕಾಣದ ನೇರಳಾತೀತ ಬೆಳಕು ಬಿಟ್ಟರೆ ಹೊಳೆಯುವ ಬಣ್ಣಗಳಿಂದ ಗೋಡೆ ಬರೆಸಿದರು. ಪೀಟರ್ ಪ್ಯಾನ್ ಆಟದಲ್ಲಿ ಹಳಿಯನ್ನು ನೆಲದಿಂದ ಎತ್ತಿ ಸೂರಿಗೆ ಹಾಕಿದರು, ತೂಗುವ ಹಡಗಿನಲ್ಲಿ ಕೂತು ರಾತ್ರಿಯ ಲಂಡನ್ ಮೇಲೆ ಹಾರಿದ ಹಾಗೆ. ಸ್ನೋ ವೈಟ್ ಆಟದ ಕತೆ ಇನ್ನೂ ತಮಾಷೆ. ಅದರೊಳಗೆ ಸ್ನೋ ವೈಟೇ ಇರಲಿಲ್ಲ! ಗಾಡಿಯಲ್ಲಿ ಕೂತವರೇ ಸ್ನೋ ವೈಟ್, ಮಾಟಗಾತಿ ಬೆನ್ನಟ್ಟೋದು ಅವರನ್ನೇ ಅನ್ನುವುದು ಕಟ್ಟಿದವರ ಲೆಕ್ಕ. ಜನಕ್ಕೆ ಅದು ಹೊಳೆಯಲೇ ಇಲ್ಲ. "ಸ್ನೋ ವೈಟ್ ಎಲ್ಲಿ?" ಅಂತ ಕೇಳ್ತಾನೇ ಇದ್ರು. 1983ರಲ್ಲಿ ಆಟವನ್ನು ಹೊಸದಾಗಿ ಕಟ್ಟುವಾಗ ಅವಳನ್ನು ಒಳಗೆ ನಿಲ್ಲಿಸಿದರು. 2021ರಲ್ಲಿ ಹೆದರಿಕೆ ಇನ್ನಷ್ಟು ಕಡಿಮೆ ಮಾಡಿ ಹೆಸರನ್ನೂ ಬದಲಿಸಿದರು.

1960ರ ದಶಕ ಈ ಆಟದ ಸುಗ್ಗಿ ಕಾಲ. 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ 'ಇಟ್ಸ್ ಎ ಸ್ಮಾಲ್ ವರ್ಲ್ಡ್' ಕಟ್ಟಿದರು, ಯುನಿಸೆಫ್ ಹೆಸರಿನಲ್ಲಿ. ದೇಶದೇಶದ ವೇಷ ತೊಟ್ಟ ಗೊಂಬೆಗಳ ನಡುವೆ ದೋಣಿ ಸವಾರಿ. ದೋಣಿಗೆ ಮೋಟಾರಿಲ್ಲ, ಹರಿಯುವ ನೀರೇ ತಳ್ಳುತ್ತೆ. ಒಂದರ ಹಿಂದೆ ಒಂದು ದೋಣಿ ಬಿಡಬಹುದಾದ್ದರಿಂದ ಗಂಟೆಗೆ ಎಷ್ಟೋ ಜನ ಹೋಗಿ ಬರಬಹುದಿತ್ತು. ಆಗ ಡಿಸ್ನಿಯವರು ಕಡಲ್ಗಳ್ಳರ ಆಟವನ್ನು ಜನ ನಡೆದು ನೋಡುವ ಮ್ಯೂಸಿಯಂ ತರ ಯೋಚಿಸಿದ್ದರು. ಈ ದೋಣಿ ಕಂಡ ಮೇಲೆ ಅದನ್ನೂ ದೋಣಿ ಸವಾರಿ ಮಾಡಿದರು. 1967ರ ಮಾರ್ಚ್ 18ರಂದು 'ಪೈರೇಟ್ಸ್ ಆಫ್ ದಿ ಕೆರಿಬಿಯನ್' ತೆರೆಯಿತು. ಅಷ್ಟು ಹೊತ್ತಿಗೆ ವಾಲ್ಟ್ ಡಿಸ್ನಿ ತೀರಿಕೊಂಡು ಮೂರು ತಿಂಗಳಾಗಿತ್ತು. ತಲೆ ತಿರುಗಿಸುವ, ಬಾಯಿ ಆಡಿಸುವ ಯಾಂತ್ರಿಕ ಗೊಂಬೆಗಳು, ಉರಿಯುವಂತೆ ಕಾಣುವ ಊರು. ಜಾನಿ ಡೆಪ್ ಸಿನಿಮಾ ನೋಡಿ ಈ ಆಟ ಕಟ್ಟಿದರು ಅಂದುಕೊಂಡವರು ನಮ್ಮಲ್ಲಿ ಎಷ್ಟೋ ಜನ. ತಿರುಗುಮುರುಗು ಸ್ವಾಮಿ! ಆಟ ಮೊದಲು, ಸಿನಿಮಾ ಬಂದಿದ್ದು 2003ರಲ್ಲಿ.

1969ರಲ್ಲಿ 'ಹಾಂಟೆಡ್ ಮ್ಯಾನ್ಷನ್' ಬಂತು. ಅದರಲ್ಲಿ ಗಾಡಿಗಳು ಜಪಮಾಲೆಯ ಮಣಿಗಳ ಹಾಗೆ ಒಂದಕ್ಕೊಂದು ಸೇರಿಕೊಂಡು ನಿಲ್ಲದೆ ಸಾಗುತ್ತವೆ. ಹತ್ತುವವರು ಪಕ್ಕದ ಚಲಿಸುವ ಪಟ್ಟಿಯ ಮೇಲೆ ನಿಂತು ಹತ್ತಬೇಕು. ಗಾಡಿಯ ಬೆನ್ನು ಚಿಪ್ಪಿನ ಹಾಗೆ ಸುತ್ತುವರಿದಿರುತ್ತೆ. ಅದು ಎತ್ತ ತಿರುಗಿಸುತ್ತೋ ಅತ್ತಲೇ ನೋಡಬೇಕು. ಅಂದ್ರೆ ಸಿನಿಮಾ ಕ್ಯಾಮೆರಾದ ಕೆಲಸವನ್ನು ಸೀಟೇ ಮಾಡುತ್ತೆ. ಒಳಗೆ ದೆವ್ವಗಳು ಕುಣಿಯುವ ದೊಡ್ಡ ಹಾಲ್ ಇದೆ. ಅದರ ಗುಟ್ಟು ಕಂಪ್ಯೂಟರ್ ಅಲ್ಲ, ಗಾಜು. 1862ರಲ್ಲಿ ಲಂಡನ್ನಿನಲ್ಲಿ ಜಾನ್ ಹೆನ್ರಿ ಪೆಪ್ಪರ್ ತೋರಿಸಿದ ಹಳೆಯ ರಂಗತಂತ್ರ. ರಾತ್ರಿ ಬಸ್ಸಿನ ಕಿಟಕಿ ಗಾಜಿನಲ್ಲಿ ನಮ್ಮ ಮುಖವೂ ಹೊರಗಿನ ಮರವೂ ಒಟ್ಟಿಗೆ ಕಾಣುತ್ತಲ್ಲ, ಅದೇ ವಿದ್ಯೆ.

ಇಲ್ಲಿಯವರೆಗೆ ಗಮನಿಸಿ. ಸ್ಮಾಲ್ ವರ್ಲ್ಡ್, ಪೈರೇಟ್ಸ್, ಹಾಂಟೆಡ್ ಮ್ಯಾನ್ಷನ್ ಮೂರಕ್ಕೂ ಎತ್ತರದ ಕಟ್ಟುಪಾಡಿಲ್ಲ. ಮೂರು ತಲೆಮಾರು ಒಂದೇ ದೋಣಿಯಲ್ಲಿ ಕೂತು, ಒಂದೇ ಕಡೆ ನೋಡಿ, ಒಟ್ಟಿಗೆ ಬೆಚ್ಚಿ, ಒಟ್ಟಿಗೆ ನಕ್ಕು ಹೊರಗೆ ಬರಬಹುದು.

ಕವಲು ಒಡೆದದ್ದು 1990ರ ದಶಕದಲ್ಲಿ. 1995ರ 'ಇಂಡಿಯಾನಾ ಜೋನ್ಸ್' ಆಟದಲ್ಲಿ ಜೀಪಿನಂಥ ಗಾಡಿಯ ತಳಕ್ಕೂ ಮೇಲ್ಭಾಗಕ್ಕೂ ನಡುವೆ ಹೈಡ್ರಾಲಿಕ್ ಕೂರಿಸಿದರು. ಸಪಾಟು ನೆಲದಲ್ಲೇ ಹಳ್ಳಕೊಳ್ಳ ದಾಟಿದ ಹಾಗೆ ಎತ್ತಿ ಕುಕ್ಕುತ್ತೆ. ಅದಕ್ಕೆ ಕನಿಷ್ಠ ಎತ್ತರ 46 ಇಂಚು, ಅಂದರೆ ಸುಮಾರು 117 ಸೆಂ.ಮೀ. 1999ರಲ್ಲಿ ಫ್ಲಾರಿಡಾದ ಸ್ಪೈಡರ್‌ಮ್ಯಾನ್ ಆಟ ಬಂತು. ಓಡುವ ಗಾಡಿ, ಕಣ್ಣಿಗೆ ತ್ರೀಡಿ ಕನ್ನಡಕ, ಎದುರಿಗೆ ದೊಡ್ಡ ಪರದೆ. ಗಾಡಿ ಚಲಿಸಿದ ಹಾಗೆ ಪರದೆಯ ಚಿತ್ರದ ಕೋನವೂ ಬದಲಾಗಿ, ಸೆಟ್ ಎಲ್ಲಿ ಮುಗಿದು ಪರದೆ ಎಲ್ಲಿ ಶುರುವಾಯ್ತು ಅಂತ ತಿಳಿಯದ ಹಾಗೆ ಮಾಡಿದರು. 2010ರ ಹ್ಯಾರಿ ಪಾಟರ್ ಆಟದಲ್ಲಂತೂ ಸೀಟನ್ನು ಕೂಕಾ ಕಂಪನಿಯ ರೋಬೋಟ್ ತೋಳಿಗೇ ಕಟ್ಟಿದರು. ಕಾರ್ಖಾನೆಯಲ್ಲಿ ಕಾರಿನ ಬಾಡಿ ಎತ್ತಿ ವೆಲ್ಡಿಂಗ್ ಮಾಡುವ ತೋಳನ್ನು ನಮ್ಮ ಓದುಗರಲ್ಲಿ ಕೆಲವರಾದರೂ ನೋಡಿರುತ್ತೀರಿ, ಅದೇ ಜಾತಿ. ಅದಕ್ಕೆ 48 ಇಂಚು ಎತ್ತರ ಬೇಕು. ಹೊಟ್ಟೆ, ಎದೆ ದಪ್ಪ ಇದ್ದವರಿಗೆ ಬಿಗಿಪಟ್ಟಿ ಕೂರದೆ ವಾಪಸ್ ಬರುವ ಪಜೀತಿ ಬೇರೆ. ಬಾಗಿಲಲ್ಲಿ ದೊಡ್ಡ ಬೋರ್ಡು: ಕುತ್ತಿಗೆ ನೋವು, ಬೆನ್ನು ನೋವು, ಹೃದಯದ ತೊಂದರೆ ಇದ್ದವರು, ಗರ್ಭಿಣಿಯರು ಹತ್ತಬೇಡಿ. ಆಟ ಅದ್ಭುತ, ಇಲ್ಲ ಅನ್ನೋದಿಲ್ಲ. ಆದರೆ ಆ ಬೋರ್ಡನ್ನು ಮೇಲಿಂದ ಕೆಳಗೆ ಓದಿದರೆ ಅದು ನಮ್ಮ ಅಪ್ಪ ಅಮ್ಮನ ಮೆಡಿಕಲ್ ಫೈಲಿನ ಹಾಗೇ ಇರುತ್ತೆ!

ಹಾಗಾದರೆ ಹೊಸ ಯಂತ್ರ ಬಂದದ್ದೇ ತಪ್ಪಾ? ಅಲ್ಲ. ಅದೇ ಕಾಲದಲ್ಲಿ ಇನ್ನೊಂದು ಕವಲೂ ಒಡೆಯಿತು. 2000ರಲ್ಲಿ ಟೋಕಿಯೊ ಡಿಸ್ನಿಲ್ಯಾಂಡಿನಲ್ಲಿ 'ಪೂಸ್ ಹನಿ ಹಂಟ್' ಶುರುವಾಯ್ತು. ಅದರಲ್ಲಿ ನೆಲದ ಮೇಲೆ ಹಳಿಯೇ ಇಲ್ಲ. ಜೇನಿನ ಗಡಿಗೆಯಂಥ ಗಾಡಿಗಳು ಒಂದನ್ನೊಂದು ಸುತ್ತಿ, ತಪ್ಪಿಸಿಕೊಂಡು, ಬೇರೆಬೇರೆ ದಾರಿಯಲ್ಲಿ ಹೋಗಿ ಮತ್ತೆ ಸೇರುತ್ತವೆ. ಯಾವ ಗಾಡಿ ಎಲ್ಲಿದೆ ಅಂತ ಕಂಪ್ಯೂಟರ್ ಲೆಕ್ಕ ಇಡುತ್ತೆ. ದೊಡ್ಡ ಗೋದಾಮುಗಳಲ್ಲಿ ಡ್ರೈವರಿಲ್ಲದೆ ಸರಕು ಸಾಗಿಸುವ ಗಾಡಿ ಕಂಡವರಿಗೆ ಇದು ಹೊಸದಲ್ಲ. 2013ರಲ್ಲಿ ಹಾಂಗ್‌ಕಾಂಗಿನ 'ಮಿಸ್ಟಿಕ್ ಮ್ಯಾನರ್', 2014ರಲ್ಲಿ ಪ್ಯಾರಿಸ್‌ನ 'ರಾಟಟೂಯಿ', 2020ರಲ್ಲಿ ಫ್ಲಾರಿಡಾದ ಮಿಕ್ಕಿ-ಮಿನ್ನಿ ರೈಲು, ಎಲ್ಲವೂ ಇದೇ ದಾರಿಯವು. ಎಲ್ಲಕ್ಕೂ ಎತ್ತರದ ಕಟ್ಟುಪಾಡಿಲ್ಲ. 2016ರಲ್ಲಿ ಶಾಂಘಾಯ್‌ನಲ್ಲಿ ಪೈರೇಟ್ಸ್ ಆಟವನ್ನು ಹೊಸದಾಗಿ ಕಟ್ಟಿದಾಗ, ದೋಣಿಯನ್ನು ಅಯಸ್ಕಾಂತದ ಬಲದಿಂದ ಎತ್ತ ಬೇಕೋ ಅತ್ತ ತಿರುಗಿಸುವ ಹಾಗೆ, ಹಿಂದಕ್ಕೂ ಓಡಿಸುವ ಹಾಗೆ ಮಾಡಿದರು. ಸಮುದ್ರದಡಿ ಮುಳುಗಿದ ಹಾಗೆ ಸುತ್ತ ಭಾರೀ ಪರದೆ. ಆದರೂ ಪುಟ್ಟ ಮಕ್ಕಳೂ ಕೂರಬಹುದು.

ಅಂದ್ರೆ ಅಜ್ಜಿಯನ್ನು ಹೊರಗಿಟ್ಟದ್ದು ತಂತ್ರಜ್ಞಾನ ಅಲ್ಲ. ಯಾರಿಗಾಗಿ ಕಟ್ಟುತ್ತೀವಿ ಅನ್ನುವ ತೀರ್ಮಾನ. ಹದಿಹರೆಯದವರನ್ನೇ ಮನಸ್ಸಿನಲ್ಲಿಟ್ಟು ಕಟ್ಟಿದರೆ ಕುಕ್ಕುವ ಗಾಡಿ ಬರುತ್ತೆ. ಸಂಸಾರವನ್ನು ಮನಸ್ಸಿನಲ್ಲಿಟ್ಟು ಕಟ್ಟಿದರೆ ಅಷ್ಟೇ ಖರ್ಚಿನಲ್ಲಿ ತೇಲುವ ದೋಣಿಯೂ ಬರುತ್ತೆ.

ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಕತ್ತಲಲ್ಲಿ ನಾವು ಯಾವುದಕ್ಕೆ ನಗ್ತೀವಿ ಅನ್ನೋದೂ ಬದಲಾಗಿದೆ. ಪೈರೇಟ್ಸ್ ಆಟದಲ್ಲಿ ಹೆಂಗಸರನ್ನು ಹಗ್ಗ ಕಟ್ಟಿ ಮದುವೆಗೆ ಹರಾಜು ಹಾಕುವ ದೃಶ್ಯ ಇತ್ತು, ತಮಾಷೆ ಅಂತ. 50 ವರ್ಷ ಜನ ನಕ್ಕರು. 2018ರಲ್ಲಿ ಅಮೆರಿಕದ ಎರಡೂ ಕಡೆ ಅದನ್ನು ತೆಗೆದು, ಹರಾಜಿಗೆ ನಿಂತಿದ್ದ ಕೆಂಪುಕೂದಲಿನ ಹೆಂಗಸನ್ನೇ ಬಂದೂಕು ಹಿಡಿದ ಕಡಲ್ಗಳ್ಳಿ ಮಾಡಿದರು. ಹಳೆಯದನ್ನು ಮುಟ್ಟಬಾರದಿತ್ತು ಅಂದವರೂ ಇದ್ದಾರೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವ ತಾಯಿಯ ಜಾಗದಿಂದ ಯೋಚಿಸಿದರೆ, ಬದಲಿಸಿದ್ದೇ ಸರಿ ಅಂತ ನಮ್ಮ ಅಭಿಪ್ರಾಯ.

ಸುರಕ್ಷತೆಯ ಮಾತು ಬಿಟ್ಟರೆ ಈ ಚರಿತ್ರೆ ಅರ್ಧವೇ. ಹಳೆಯ ಭೂತದ ಗಾಡಿಗಳು ಮರ, ಬಟ್ಟೆ, ಬಣ್ಣದಿಂದ ಕಟ್ಟಿದವು. 1979ರ ಜೂನ್ 9ರ ರಾತ್ರಿ ಸಿಡ್ನಿಯ ಲೂನಾ ಪಾರ್ಕಿನ ಘೋಸ್ಟ್ ಟ್ರೇನಿಗೆ ಬೆಂಕಿ ಬಿದ್ದು ಆರು ಮಕ್ಕಳೂ ಒಬ್ಬ ದೊಡ್ಡವರೂ ತೀರಿಕೊಂಡರು. 1984ರ ಮೇ 11ರಂದು ನ್ಯೂಜೆರ್ಸಿಯ ಒಂದು ಪಾರ್ಕಿನಲ್ಲಿ ಜನ ನಡೆದು ನೋಡುವ ಭೂತದ ಕೋಟೆಗೆ ಬೆಂಕಿ ಹತ್ತಿ ಎಂಟು ಮಂದಿ ಹದಿಹರೆಯದವರು ಸತ್ತರು. ಅದಾದ ಮೇಲೆ ಅಮೆರಿಕದ ಅಗ್ನಿಸುರಕ್ಷತಾ ನಿಯಮಗಳಲ್ಲಿ ಇಂಥ ಕಟ್ಟಡಗಳಿಗೇ ಪ್ರತ್ಯೇಕ ಭಾಗ ಸೇರಿತು: ಹೊಗೆ ಪತ್ತೆ ಹಚ್ಚುವ ಸಾಧನ, ತಾನಾಗಿ ನೀರು ಚಿಮ್ಮುವ ವ್ಯವಸ್ಥೆ, ಅಪಾಯ ಬಂದಾಗ ಹೊರಬಾಗಿಲ ದಾರಿ ಕಾಣುವಂಥ ದೀಪ. ಇವತ್ತು ನಾವು ಕತ್ತಲಲ್ಲಿ ನಿಶ್ಚಿಂತೆಯಿಂದ ಕಿರುಚುತ್ತೀವಿ ಅಂದ್ರೆ ಆ ಮಕ್ಕಳ ಋಣ ಅದರಲ್ಲಿದೆ.

ಈಗ ನಮ್ಮ ಗಲ್ಫಿಗೆ ಬರೋಣ. ಬೇರೆ ಕಡೆ ಪಾರ್ಕು ಅಂದ್ರೆ ಬಯಲು, ಅದರೊಳಗೆ ಅಲ್ಲಲ್ಲಿ ಕತ್ತಲ ಕಟ್ಟಡ. ಇಲ್ಲಿನ ಬೇಸಿಗೆಯಲ್ಲಿ ಬಯಲಲ್ಲಿ ಸಾಲು ನಿಲ್ಲೋದು ಆಗದ ಮಾತು. ಹಾಗಾಗಿ 2016ರಲ್ಲಿ ದುಬೈಯಲ್ಲಿ ತೆರೆದ ಐಎಂಜಿ ವರ್ಲ್ಡ್ಸ್, 2018ರಲ್ಲಿ ಅಬುಧಾಬಿಯ ಯಾಸ್ ದ್ವೀಪದಲ್ಲಿ ತೆರೆದ ವಾರ್ನರ್ ಬ್ರದರ್ಸ್ ವರ್ಲ್ಡ್, ಎರಡೂ ಇಡಿಯಾಗಿ ಸೂರಿನಡಿ, ಎ.ಸಿ.ಯೊಳಗೆ ಇವೆ. ಕತ್ತಲ ಗಾಡಿಗೆ ಇದಕ್ಕಿಂತ ಹೊಂದುವ ದೇಶ ಇನ್ನೊಂದಿಲ್ಲ. ಎರಡೂ ಕವಲಿನ ಆಟಗಳು ಇಲ್ಲಿವೆ. ಐಎಂಜಿಯ ಅವೆಂಜರ್ಸ್, ವಾರ್ನರ್‌ನ ಜಸ್ಟಿಸ್ ಲೀಗ್ ಆಟಗಳು ಪರದೆ, ತ್ರೀಡಿ, ಅಲುಗಾಟದ ಜಾತಿ. ವಾರ್ನರ್‌ನಲ್ಲೇ ಇರುವ ಸ್ಕೂಬಿ-ಡೂ ಮ್ಯೂಸಿಯಂ ಸವಾರಿ ಸಂಸಾರದ ಜಾತಿ.

ದುಡ್ಡಿನ ಮಾತೂ ಆಡಲೇಬೇಕು. ನಾಲ್ಕು ಜನರ ಟಿಕೆಟ್ಟು ಅಂದ್ರೆ ಸಾವಿರ ದಿರ್ಹಮ್ ದಾಟುತ್ತೆ. ಲೇಬರ್ ಕ್ಯಾಂಪಿನಲ್ಲಿರುವ ನಮ್ಮ ಎಷ್ಟೋ ತಮ್ಮಂದಿರಿಗೆ ಅದು ತಿಂಗಳ ಸಂಬಳಕ್ಕೆ ಹತ್ತಿರ. ಚಿಲ್ಲರೆ ಕಾಸಿಗೆ ಹತ್ತುತ್ತಿದ್ದ ಗಾಡಿ ಎಲ್ಲಿಗೆ ಬಂದು ನಿಂತಿದೆ ನೋಡಿ. ಚಳಿಗಾಲದಲ್ಲಿ ಗ್ಲೋಬಲ್ ವಿಲೇಜಿನ ಕಾರ್ನಿವಲ್ ಕಡೆ ಹೋದರೆ ಬೇಕಾದ ಆಟಕ್ಕಷ್ಟೇ ದುಡ್ಡು ಕೊಡಬಹುದು. ಜಾತ್ರೆಯ ಗದ್ದಲವೂ ಸಿಗುತ್ತೆ.

ಅಪ್ಪ ಅಮ್ಮನನ್ನು ಕರೆದೊಯ್ಯುವವರು ನಾಲ್ಕು ಮಾತು ನೆನಪಿಟ್ಟುಕೊಳ್ಳಿ. ಟಿಕೆಟ್ಟು ತೆಗೆಯೋದಕ್ಕೆ ಮುಂಚೆ ಪಾರ್ಕಿನ ಆ್ಯಪಿನಲ್ಲಿ ಒಂದೊಂದು ಆಟದ ನಿಯಮ ಓದಿ, ಹಿರಿಯರು ಕೂರಬಹುದಾದವು ಎಷ್ಟಿವೆ ಅಂತ ಎಣಿಸಿ. ಮೂರಕ್ಕಿಂತ ಕಡಿಮೆ ಇದ್ದರೆ ಆ ದುಡ್ಡಿಗೆ ಬೇರೆ ದಾರಿ ನೋಡಿ. ಗಾಡಿ ನಿಂತಾಗ ಹತ್ತೋದಾ, ಚಲಿಸುವಾಗ ಹತ್ತೋದಾ ಅಂತ ಬಾಗಿಲಲ್ಲಿರುವವರನ್ನು ಕೇಳಿ, ಮಂಡಿ ನೋವಿದೆ ಅಂತ ಸಂಕೋಚವಿಲ್ಲದೆ ಹೇಳಿ. ಪರದೆಯ ಆಟದಲ್ಲಿ ತಲೆ ಸುತ್ತಿದರೆ ಕಣ್ಣು ಮುಚ್ಚಿ ಕೂರಲು ಹೇಳಿ. ಮಧ್ಯೆ ಗಾಡಿ ನಿಂತು ದೀಪ ಹತ್ತಿದರೆ ಇಳಿಯಬೇಡಿ, ಸಿಬ್ಬಂದಿ ಬಂದು ಹೇಳುವವರೆಗೆ ಕೂತೇ ಇರಿ. ಬಹಳ ಸಲ ಮುಂದೆ ಯಾರಿಗೋ ಹತ್ತಿ ಇಳಿಯೋದಕ್ಕೆ ತಡವಾಗಿರುತ್ತೆ, ಅಷ್ಟೇ. ಬೆಲ್ಟು ಎಳೆದು ನೋಡುವ ಹುಡುಗನ ಮೇಲೆ ರೇಗಬೇಡಿ. ಅವನೂ ನಮ್ಮ ಹಾಗೆ ಊರು ಬಿಟ್ಟು ಬಂದು, ದಿನವಿಡೀ ಅರೆಗತ್ತಲಲ್ಲಿ ನಿಂತು ಕೆಲಸ ಮಾಡುವವನು.

2025ರ ಮೇ ತಿಂಗಳಲ್ಲಿ ಡಿಸ್ನಿಯವರು ಯಾಸ್ ದ್ವೀಪದಲ್ಲೇ ಪಾರ್ಕು ಬರುತ್ತೆ ಅಂತ ಘೋಷಿಸಿದ್ದಾರೆ. ಅದನ್ನು ಕಟ್ಟುವ ಸೈಟಿನಲ್ಲಿ, ಆಮೇಲೆ ಅದರ ಬಾಗಿಲಲ್ಲಿ, ವರ್ಕ್‌ಶಾಪಿನಲ್ಲಿ ನಮ್ಮವರೂ ಇರುತ್ತಾರೆ. ಯಾವ ಆಟ ಬರಬೇಕು ಅಂತ ನಮ್ಮನ್ನು ಯಾರೂ ಕೇಳೋದಿಲ್ಲ, ಗೊತ್ತು. ಆದರೂ ಆಸೆ ಹೇಳಿಕೊಳ್ಳೋದಕ್ಕೆ ದಿರ್ಹಮ್ ಬೇಕಿಲ್ಲವಲ್ಲ. ಮಂಡಿ ನೋವಿನ ಅಜ್ಜಿ, ಬಿ.ಪಿ.ಯ ಅಜ್ಜ, ಮೂರು ವರ್ಷದ ಮೊಮ್ಮಗಳು ಒಂದೇ ಸಾಲಿನಲ್ಲಿ ಕೂರಬಹುದಾದ ಒಂದು ದೋಣಿ ಅಲ್ಲಿರಲಿ. ವಿಸಿಟ್ ವೀಸಾದಲ್ಲಿ ಬಂದವರು ಇರೋದು ಕೆಲವೇ ವಾರ. ಆ ದಿನಗಳನ್ನು ಅವರು ಬ್ಯಾಗು ಕಾಯ್ತಾ ಕಳೆಯಬಾರದು.

ಹಿರಿಯರನ್ನು ಕರೆದುಕೊಂಡು ಹೋಗಿ ಬಂದವರು ಯಾವ ಆಟದಲ್ಲಿ ಎಲ್ಲರೂ ಒಟ್ಟಿಗೆ ಕೂತಿರಿ, ಎಲ್ಲಿ ಕಷ್ಟವಾಯ್ತು ಅಂತ ನಮಗೆ ನಾಲ್ಕು ಸಾಲು ಬರೆದು ಕಳಿಸಿ. ಚಳಿಗಾಲದ ರಜೆಗೆ ಮುಂಚೆ ಅವನ್ನೆಲ್ಲ ಸೇರಿಸಿ ಇದೇ ಪುಟದಲ್ಲಿ ಒಂದು ಪಟ್ಟಿ ಹಾಕ್ತೀವಿ.